ಗೋಣಿಚೀಲದ ಕೆಳಗಿದ್ದ ಶಾವಿಗೆ ಒರಳು

ಕೆಂಪರಾಜುವಿನ ಬಲಗಣ್ಣು ಹೋದದ್ದು ಅವನ ಕೈ ಜಾರಿದ್ದರಿಂದಲ್ಲ, ನಾನು ಹೇಳಿದ ಸುಳ್ಳಿನಿಂದ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ—ಕಟ್ಟಿಕೊಂಡವಳಿಗೂ ಹೇಳಲಿಲ್ಲ, ಅವನಿಗಂತೂ...

ನಾವಿಬ್ಬರೂ ಹಳೆಯ ಏರ್‌ಗನ್ನುಗಳನ್ನು ರಿಪೇರಿ ಮಾಡುವವರು. ನನ್ನದು ಚಿನಕುರಳಿಯಲ್ಲಿ ಸೈಕಲ್ ಅಂಗಡಿ, ಅವನದು ನಾಗಮಂಗಲದಲ್ಲಿ ಬೀಗ, ಸ್ಟವ್ ಸರಿಮಾಡುವ ಗೂಡು. ತಾತನ ಕಾಲದ ಬಂದೂಕನ್ನು ಅಟ್ಟದಿಂದಿಳಿಸಿ, ತೋಟದ ಕೋತಿ ಬೆದರಿಸಬೇಕು ಎಂದು ತರುವವರಿದ್ದಾರೆ. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಬಲೂನು ಹೊಡೆಸುವವರೂ ಬರುತ್ತಾರೆ. ಈ ಬಂದೂಕಿನ ಜೀವವೆಲ್ಲ ಒಳಗಿನ ಸ್ಪ್ರಿಂಗಿನಲ್ಲಿದೆ. ಬಿಚ್ಚುವಾಗಲೂ ಅದು ಅದುಮಿಕೊಂಡೇ ಇರುತ್ತದೆ. ಅದನ್ನು ತಡೆದಿಟ್ಟ ಹಿಂದಿನ ಬಿರಡೆ ಕಳಚಿತೋ, ಎದುರಿಗಿದ್ದವರ ಮುಖ ನೋಡುವುದಿಲ್ಲ, ಹಾರುತ್ತದೆ. ಅದನ್ನು ಹಿಡಿದು ನಿಧಾನವಾಗಿ ಬಿಡುವ ಯಂತ್ರ ಪಟ್ಟಣಗಳಲ್ಲಿ ಸಿಗುತ್ತದಂತೆ. ನಮ್ಮಂಥವರಿಗೆ ಎಟುಕುವಂಥದ್ದಲ್ಲ.

ನಾನು ಕಂಡುಕೊಂಡ ಉಪಾಯ ಅಡುಗೆಮನೆಯದು—ಅವ್ವನ ಹಳೇ ಶಾವಿಗೆ ಒರಳು. ಅದರ ಅಚ್ಚು ತೆಗೆದು, ಮೂರು ಕಾಲಿಗೂ ಕಬ್ಬಿಣ ಬೆಸೆದು ಎತ್ತರ ಮಾಡಿದೆ. ಬಂದೂಕಿನ ಕೊಳವೆಯನ್ನು ನಡುವೆ ನಿಲ್ಲಿಸಿ, ತಿರುಪನ್ನು ಬಿರಡೆಯ ಮೇಲೆ ಕೂರಿಸಿ ಒಂದೊಂದೇ ಸುತ್ತು ಸಡಿಲಿಸಿದರೆ, ಅಷ್ಟು ರೊಚ್ಚಿನ ಸ್ಪ್ರಿಂಗು ನಿದ್ದೆಯಿಂದೇಳುವ ಮಗುವಿನಂತೆ ಮೆಲ್ಲಗೆ ಮೇಲೇಳುತ್ತಿತ್ತು. ಅವ್ವ ಹಬ್ಬಕ್ಕೆ ಶಾವಿಗೆ ಒತ್ತುತ್ತಿದ್ದ ತಿರುಪು ಇದೇನಾ ಎಂದು ಪ್ರತಿ ಸಲವೂ ಬೆರಗಾಗುತ್ತಿದ್ದೆ.

ಆದರೆ ಊರಲ್ಲಿ ನನ್ನ ಹೆಸರೇ ಬೇರೆ ಹಬ್ಬಿತ್ತು, ಬರಿಗೈಲೇ ಬಂದೂಕು ಬಿಚ್ಚುತ್ತಾನೆ ಎಂದು. ಆ ಮಾತನ್ನು ನಾನೇ ಬೆಳೆಯಲು ಬಿಟ್ಟೆ. ಒರಳಿನ ಗುಟ್ಟು ಹೊರಬಿದ್ದರೆ ಮಾರನೇ ದಿನದಿಂದ ನಾನು ಶಾವಿಗೆ ಸಾಹುಕಾರ. ಅಡ್ಡಹೆಸರಿಡುವುದರಲ್ಲಿ ನಮ್ಮ ಜನ ಎತ್ತಿದ ಕೈ. ಹಾಗಾಗಿ ಯಾರ ಗಾಡಿ ಸದ್ದಾದರೂ ಒರಳಿನ ಮೇಲೆ ಗೋಣಿಚೀಲ ಎಳೆಯುತ್ತಿದ್ದೆ.

ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕೆಂಪರಾಜು ಬಂದಾಗಲೂ ಎಳೆದೆ. ಅವನು ಟೀ ಕುಡಿದು, ಸಂಕೋಚವಿಲ್ಲದೆ ಕೇಳಿದ—ಒಂದು ಬಂದೂಕು ಹಟ ಮಾಡುತ್ತಿದೆ, ನೀನು ಹೇಗೆ ಬಿಚ್ಚುತ್ತೀ? ಚೀಲ ಅವನ ಬೆನ್ನ ಹಿಂದೆಯೇ ಇತ್ತು. ಕೈ ಚಾಚಿ ಸರಿಸಿದ್ದರೆ ಆಗುತ್ತಿತ್ತು. ನಾನು ಅಂದೆ:

"ಎದೆಗೆ ಕೊಟ್ಕಂಡು ಒತ್ತಿ, ಮೆಲ್ಲಕೆ ಬುಡು. ಏನೂ ಆಗಾಕಿಲ್ಲ ಕಣ್ಲಾ."

ಅವನು ನಂಬಿ ಹೋದ. ಅದೇ ವಾರ ಅವನನ್ನು ಮೈಸೂರಿನ ಆಸ್ಪತ್ರೆಯಲ್ಲಿ ನೋಡಿದೆ, ಬಲಗಣ್ಣಿನ ಮೇಲೆ ದಪ್ಪ ಬ್ಯಾಂಡೇಜು. ಬಂದವರಿಗೆಲ್ಲ ತನ್ನ ಕೈಯೇ ಜಾರಿತು ಎನ್ನುತ್ತಿದ್ದ. ನನಗೂ ಅದನ್ನೇ ಹೇಳಿದ. ನಾನು ಪಕ್ಕದಲ್ಲಿ ಕೂತು ಮೂಸಂಬಿ ಸುಲಿದುಕೊಟ್ಟೆ. ಆಗಲಾದರೂ—ಇಲ್ಲ, ಸುಲಿದುಕೊಟ್ಟೆ ಅಷ್ಟೇ.

ಕಸುಬು ಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ಬಂದೂಕನ್ನು ಎಡ ಹೆಗಲಿಗೆ ಬದಲಿಸಿದ. ಉಳಿದ ಕಣ್ಣಿನಲ್ಲಿ ಗುರಿ ಇಡುವುದನ್ನು ಮೊದಲಿಂದ ಕಲಿತ. ಒಮ್ಮೆ ಅವನ ಹಿತ್ತಲಲ್ಲಿ ದಾರಕ್ಕೆ ಹುಣಿಸೆಬೀಜ ಕಟ್ಟಿ ತೂಗುಬಿಟ್ಟು, ಒಂದೇ ಏಟಿಗೆ ಸಿಡಿಸಿದ್ದನ್ನು ನಾನೇ ಕಂಡೆ. ಗುರಿ ಇಡುವಾಗ ಹೇಗಿದ್ದರೂ ಒಂದು ಕಣ್ಣು ಮುಚ್ಚಲೇಬೇಕು, ತನಗೆ ಆ ಕೆಲಸ ತಪ್ಪಿತು ಎಂದು ಅವನೇ ತಮಾಷೆ ಮಾಡಿದ. ಅಲ್ಲಿ ಸೇರಿದ್ದವರೆಲ್ಲ ನಕ್ಕರು. ನಾನೂ ನಕ್ಕುಬಿಟ್ಟೆ.

ಕಳೆದ ವಾರ ಫೋನು ಮಾಡಿ ಕರೆಸಿಕೊಂಡ. ಗೂಡಿನ ಮುಂದೆ ಸ್ಪ್ರಿಂಗನ್ನು ಅದುಮಿ ಹಿಡಿಯುವ ಒಂದೇ ಥರದ ಎರಡು ಸಾಧನಗಳಿದ್ದವು. ಟ್ರಾಕ್ಟರಿನ ಉದ್ದ ಬೋಲ್ಟು, ಹಳೇ ಮಂಚದ ಕಬ್ಬಿಣದ ಪಟ್ಟಿ, ಕೊಳವೆಗೆ ಗೀರು ಬೀಳದಂತೆ ಸೈಕಲ್ ಟ್ಯೂಬಿನ ತುಂಡು—ಎಲ್ಲ ಗುಜರಿಯ ಮಾಲು. ತಿರುಗಿಸಿ ನೋಡಿದೆ. ನನ್ನ ಒರಳು ಇದರ ಮುಂದೆ ಏನೂ ಅಲ್ಲ. ಮುಖದ ನೇರಕ್ಕೆ ಒಂದು ದಪ್ಪ ತಗಡನ್ನು ಅಡ್ಡ ನಿಲ್ಲಿಸಿದ್ದ. ನನಗೆ ಅದು ಎಂದೂ ಹೊಳೆದಿರಲಿಲ್ಲ. ಎರಡು ಯಾಕೆ ಎಂದು ಕೇಳಿದೆ.

"ಒಂದು ನಿಂಗೆ ಕಣ್ಲಾ. ನೀನಿನ್ನೂ ಎದೆಗೆ ಕೊಟ್ಕಂಡೇ ಒತ್ತೀಯಲ್ಲ, ನಿಂಗೂ ಎಲ್ಲಿ ಅಂಗಾಯ್ತದೋ ಅಂತ ನಂಗೆ ಇಷ್ಟು ದಿವ್ಸ ದಿಗ್ಲು."

ನನ್ನ ಕಣ್ಣಿಗಾಗಿ ಅವನು ಇಷ್ಟು ವರ್ಷ ಹೆದರಿದ್ದ. ಎಂಥ ಮನುಷ್ಯ ಇವನು—ಅಲ್ಲ, ನಾನು ಎಂಥವನು... ಸಾಧನವನ್ನು ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ಊರಿಗೆ ಬಂದೆ. ಅದರಲ್ಲಿ ಈವರೆಗೆ ಒಂದು ಬಂದೂಕನ್ನೂ ಬಿಚ್ಚಿಲ್ಲ.

ನಾಳೆ ಶಾವಿಗೆ ಒರಳನ್ನು ಹೊತ್ತು ಪಾಂಡವಪುರದಲ್ಲಿ ನಾಗಮಂಗಲದ ಬಸ್ಸು ಹತ್ತುತ್ತೇನೆ. ಚೀಲ ಮುಚ್ಚುವುದಿಲ್ಲ, ನೋಡುವವರು ನೋಡಲಿ. ಅವನ ಗೂಡಿನ ಮುಂದೆ ಇಳಿಸಿ, ನೀನು ಕೇಳಿದ ದಿನ ಇದು ನಿನ್ನ ಬೆನ್ನ ಹಿಂದೆಯೇ ಇತ್ತು ಕೆಂಪರಾಜು, ಎನ್ನುತ್ತೇನೆ. ಆಮೇಲೆ ಅವನು ಏನು ಹೇಳಿದರೂ, ಆ ಒಂದು ಕಣ್ಣನ್ನು ನೋಡಿಕೊಂಡೇ ಕೇಳುತ್ತೇನೆ.