ಮೂರನೇ ಮಹಡಿಯ ಪೆಗ್ಗಿ

ನನ್ನ ಕೆಲಸವನ್ನು ಅಮ್ಮ ನೆರೆಹೊರೆಯವರ ಮುಂದೆ ‘ಪ್ರವಾಸೋದ್ಯಮ’ ಎಂದು ಹೇಳಿಕೊಳ್ಳುತ್ತಾಳೆ. ನಿಜ ಹೇಳಬೇಕೆಂದರೆ, ಎಡಿನ್‌ಬರೋದ ಟ್ಯಾಲೋ ಓಣಿಯಲ್ಲಿ ಒಂದು ಬಾಗಿಲ ಹಿಂದೆ, ಕಸದ ಡಬ್ಬಿಗಳ ಪಕ್ಕದಲ್ಲಿ, ಮುಖವಾಡ, ನಿಲುವಂಗಿ ಹಾಕಿಕೊಂಡು ನಿಂತಿರುತ್ತೇನೆ. ದೆವ್ವದ ಕಥೆ ಕೇಳುತ್ತ ನಡೆದುಬರುವ ಗುಂಪು ಸಮೀಪಿಸಿದಾಗ ಹೊರಕ್ಕೆ ನೆಗೆದು ‘ಹೋ’ ಎನ್ನುತ್ತೇನೆ. ಅಷ್ಟೇ. ಇತಿಹಾಸದಲ್ಲಿ ಪದವಿ ಮಾಡಿದ್ದೇನೆ. ಆ ‘ಹೋ’ದಲ್ಲಿ ಅದು ಕಾಣುವುದಿಲ್ಲ. ಕತ್ತಲಾದ ಮೇಲಿನ ನಡಿಗೆಗಳಿಗೆ ದೊಡ್ಡ ಗಂಟಲಿನವರು ಇದ್ದಾರೆ. ನನ್ನನ್ನು ಹಾಕಿರುವುದು ಮಧ್ಯಾಹ್ನದ ಕುಟುಂಬ ನಡಿಗೆಗೆ. ಜೂನ್ ತಿಂಗಳ ಬಿಸಿಲಿನಲ್ಲಿ, ಐಸ್‌ಕ್ರೀಂ ಚೀಪುವ ಮಕ್ಕಳ ಮುಂದೆ ಭೂತವಾಗಬೇಕು. ನೆಗೆದ ಕೂಡಲೇ ಮುಖವಾಡ ತೆಗೆದು ನಗಬೇಕು, ಅತ್ತ ಮಗುವಿಗೆ ಮಿಠಾಯಿ ಕೊಡಬೇಕು ಎಂದು ಕಂಪನಿಯ ನಿಯಮ. ಹೆಚ್ಚಿನ ಮಕ್ಕಳು ಅಳುವುದಿಲ್ಲ. ಮೊಣಕಾಲಿಗೆ ಒದ್ದು ಮಿಠಾಯಿ ಕೇಳುತ್ತವೆ.

ನಾನು ಅಡಗುವ ಬಾಗಿಲು ನೆಟ್ಟಾ ಪರ್ವ್ಸ್ ಮನೆಗೆ ಹೋಗುವ ಮೆಟ್ಟಿಲುಗಳದ್ದು. ಓಣಿಯ ಉಳಿದ ಮನೆಗಳೆಲ್ಲ ಪ್ರವಾಸಿಗರು ಬಂದು ಮಲಗೆದ್ದು ಹೋಗುವ ಕೋಣೆಗಳಾಗಿವೆ. ಅಲ್ಲೇ ಹುಟ್ಟಿ ಅಲ್ಲೇ ಉಳಿದವಳು ಆಕೆಯೊಬ್ಬಳೇ. ಅಪ್ಪ ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸುತ್ತಿದ್ದ. ಗಂಡ ಹಡಗಿನವನು, ಒಂದು ಸಲ ಹೋದವನು ಬೇರೊಂದು ಬಂದರಿನಲ್ಲಿ ಬೇರೊಂದು ಸಂಸಾರ ಹೂಡಿಕೊಂಡ. ಮಗಳು ಶೋನಾಳನ್ನು ಆಕೆ ಶಾಲೆಯ ಊಟದ ಮನೆಯಲ್ಲಿ ಸೌಟು ಹಿಡಿದು ಸಾಕಿದಳು. ಮಗಳು ಅಬರ್ಡೀನ್ ಸೇರಿದ ಮೇಲೆ, ಸೌಟು ಕೆಳಗಿಟ್ಟು, ಕಪ್ಪು ನಿಲುವಂಗಿ ತೊಟ್ಟು, ಇದೇ ನಮ್ಮ ಕಂಪನಿಯಲ್ಲಿ ಗೈಡ್ ಆದಳು.

ಸುಳ್ಳು ಹೇಳುವುದರಲ್ಲಿ ಆಕೆಯನ್ನು ಮೀರಿಸಿದವರು ಇರಲಿಲ್ಲವಂತೆ. ಕೆಳಗಿನ ಮನೆಯ ಮೀನು ಮಾರುವ ಟಲ್ಲಕ್ ಮುದುಕಿ ತೀರಿಕೊಂಡಾಗ, ಗೋರಿಯ ಮೇಲಿನ ಹೂ ಬಾಡುವ ಮೊದಲೇ ಅವಳನ್ನು ನಡಿಗೆಗೆ ಸೇರಿಸಿಬಿಟ್ಟಳು. ಬುಟ್ಟಿ ಹೊತ್ತ ತಲೆಯಿಲ್ಲದ ಹೆಂಗಸು, ಮೀನಿನ ವಾಸನೆ ಬಂದರೆ ಓಡಿ ಎಂದು. ಒಂದು ದಿನ ಟಲ್ಲಕ್‌ಳ ಮಗ ಗುಂಪಿನಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಅವನನ್ನೂ ಬಿಡಲಿಲ್ಲ.

“ಅವನ ಕಡೆ ಬೊಟ್ಟು ಮಾಡಿ, ‘ನೋಡಿ, ಇವಳ ಹೆಸರು ಕೇಳಿದ್ರೆ ಗಂಡಸರೂ ಅಳ್ತಾರೆ’ ಅಂದೆ ಕಣೋ,” ಎಂದು ನನಗೆ ಹೇಳುತ್ತ ನಕ್ಕಿದ್ದಳು. “ಅವತ್ತು ಬಿದ್ದ ಚಪ್ಪಾಳೆ ಆಮೇಲೆ ಯಾವತ್ತೂ ಬೀಳ್ಲಿಲ್ಲ.”

ಮೊಣಕಾಲು ಕೈಕೊಟ್ಟಾಗ ಕಂಪನಿ ನಿಲುವಂಗಿ ವಾಪಸು ಪಡೆದು, ದೆವ್ವದ ಚಿತ್ರವಿದ್ದ ಒಂದು ಚಹಾ ಮಗ್ ಕೊಟ್ಟು ಕಳಿಸಿತು. ಆಮೇಲೆ ಆಕೆ ಮೂರನೇ ಮಹಡಿಯ ಕಿಟಕಿಯೇ ಆದಳು. ನಾನು ಬೆಳಿಗ್ಗೆ ಹಾಲು, ಬ್ರೆಡ್ ಮೇಲಕ್ಕೆ ಒಯ್ದುಕೊಡುತ್ತಿದ್ದೆ. ಪರೋಪಕಾರವೇನಲ್ಲ, ಕಸದ ಡಬ್ಬಿಯ ಪಕ್ಕ ನಿಲ್ಲುವವನಿಗೆ ಶೌಚಾಲಯ ಬೇಕಾಗುತ್ತದೆ, ಹತ್ತಿರದಲ್ಲಿದ್ದದ್ದು ಆಕೆಯದು.

ಪೆಗ್ಗಿ ಹುಟ್ಟಿದ್ದು ಹೋದ ವರ್ಷ. ಓಣಿಯ ತುದಿಯಲ್ಲಿ ಒಂದು ನೆಲಮಾಳಿಗೆ ಇದೆ, ಎಲ್ಲ ಕಂಪನಿಗಳ ಗುಂಪುಗಳೂ ಅದರೊಳಗೆ ಸರದಿಯಲ್ಲಿ ಇಳಿಯಬೇಕು. ಒಳಗಿರುವ ಗುಂಪು ಹೊರಬರುವವರೆಗೆ ಗೈಡ್ ಹೊರಗೆ ನಿಂತು ಏನಾದರೂ ಹೇಳುತ್ತಲೇ ಇರಬೇಕು. ಬಾಯಿ ಮುಚ್ಚಿದರೆ ಮಕ್ಕಳು ಚದುರುತ್ತವೆ. ಹೀಗೆ ಕಾಯುವಾಗ ಹೊಸೆದದ್ದು ಆ ಕ್ಷಣಕ್ಕೆ ಮಾತ್ರ. ಆದರೆ ಮಕ್ಕಳು ಕಿರುಚಿದರೆ ಅದು ಉಳಿಯುತ್ತದೆ, ಮುಂದಿನ ವಾರ ಬೇರೆ ಗೈಡ್ ಅದನ್ನೇ ಹೇಳುತ್ತಾನೆ, ತಿಂಗಳೊಳಗೆ ಅದಕ್ಕೆ ಶತಮಾನಗಳ ವಯಸ್ಸಾಗಿರುತ್ತದೆ. ಯಾರೂ ಯಾರನ್ನೂ ಎಲ್ಲಿಂದ ತಂದೆ ಎಂದು ಕೇಳುವುದಿಲ್ಲ.

ಅವತ್ತು ನಮ್ಮ ಗೈಡ್ ಸ್ಟ್ರುವನ್‌ಗೆ ಹೇಳಲು ಏನೂ ಉಳಿದಿರಲಿಲ್ಲ. ತಲೆಯೆತ್ತಿದ. ಕಿಟಕಿಯಲ್ಲಿ ನೆಟ್ಟಾ ಇದ್ದಳು.

“ಆ ಕಿಟಕಿ ನೋಡಿ ಮಕ್ಕಳೇ. ಹಿಂದೆ ಅಲ್ಲಿ ಪೆಗ್ಗಿ ಅಂತ ಒಬ್ಬ ಅಜ್ಜಿ ಇದ್ಲು. ಒಬ್ಬಂಟಿ. ಯಾರೂ ಅವಳ ಮನೆಗೆ ಬರ್ತಿರ್ಲಿಲ್ಲ. ಅದಕ್ಕೇ ಓಣೀಲಿ ಆಡೋ ಮಕ್ಕಳನ್ನ ‘ಟೀಗೆ ಬನ್ನಿ’ ಅಂತ ಕರೀತಿದ್ಲು. ಹತ್ತಿದ ಮಕ್ಕಳು ಇಳೀಲೇ ಇಲ್ಲ. ಈಗ ಓಣೀಲಿ ಎಷ್ಟು ಪಾರಿವಾಳ ಇವೆ ನೋಡಿ!”

ಆ ಮಕ್ಕಳು ಸಾಯದೆ ಪಾರಿವಾಳವಾದದ್ದು ಇದು ಕುಟುಂಬ ನಡಿಗೆಯಾದ್ದರಿಂದ. ಮಕ್ಕಳು ಕಿರುಚಿದವು. ಪೆಗ್ಗಿ ಉಳಿದಳು. ವಾರ ಕಳೆಯುವುದರಲ್ಲಿ ಮಕ್ಕಳಿಗೆ ಒಂದು ಕೂಗನ್ನೂ ಕಲಿಸಿದ: “ಪೆಗ್ಗಿ, ಪೆಗ್ಗಿ, ಟೀ ಆಯ್ತಾ?”

ಮೊದಲ ದಿನಗಳಲ್ಲಿ ನೆಟ್ಟಾ ನಕ್ಕಳು. ಅಂಗಡಿಗೆ ಹೊರಟಾಗ ಒಂದು ಮಗು ತಾಯಿಯ ಹಿಂದೆ ಅವಿತು ಅತ್ತಾಗ ನಗು ನಿಂತಿತು. ಒಂದು ಮಧ್ಯಾಹ್ನ ಕೈಕೋಲು ಊರಿಕೊಂಡು, ಮನೆಯ ಚಪ್ಪಲಿಯಲ್ಲೇ, ನನ್ನನ್ನು ಪಕ್ಕಕ್ಕೆ ತಳ್ಳಿ ಗುಂಪಿನ ಮುಂದೆ ಬಂದು ನಿಂತಳು.

“ನಾನು ನೆಟ್ಟಾ ಪರ್ವ್ಸ್! ಪೆಗ್ಗಿಯೂ ಅಲ್ಲ, ಗಿಗ್ಗಿಯೂ ಅಲ್ಲ! ಸತ್ತಿಲ್ಲ! ನಿನ್ನೆ ತಾನೇ ಹಲ್ಲು ಕೀಳಿಸ್ಕೊಂಡು ಬಂದಿದೀನಿ, ಬೇಕಾದ್ರೆ ನೋಡಿ!” ಎಂದು ಬಾಯಿ ಅಗಲಿಸಿದಳು.

ಅಂಥ ಕಿರುಚಾಟವನ್ನು ನನ್ನ ಮುಖವಾಡ ಜನ್ಮದಲ್ಲಿ ಹುಟ್ಟಿಸಿರಲಿಲ್ಲ. ಅಮೆರಿಕದ ಒಬ್ಬ ತಂದೆ, “ಈ ಅಮ್ಮ ಹುಟ್ಟುಹಬ್ಬಕ್ಕೆಲ್ಲ ಬರ್ತಾರಾ?” ಎಂದು ನನ್ನನ್ನು ಕೇಳಿದ. ದೂರು ಹೇಳಲು ಆಕೆ ನಮ್ಮ ಯಜಮಾನ ಕ್ರೈಟನ್‌ನ ಕಚೇರಿಗೆ ಹೋದರೆ, ಅವನು ಎದ್ದುಬಂದು ಕೈಕುಲುಕಿದ.

“ನೆಟ್ಟಾ, ಗೈಡ್ ಆಗಿದ್ದಾಗ ನೀನು ಇಷ್ಟು ಚೆನ್ನಾಗಿ ಮಾಡ್ತಿರ್ಲಿಲ್ಲ ಕಣಮ್ಮಾ! ದಿನಾ ಇಳಿದು ಬರೋಕಾಗುತ್ತಾ?”

ಆಮೇಲೆ ಆಕೆ ಇಳಿಯಲಿಲ್ಲ. ಪರದೆ ಎಳೆದು ಅದರ ಹಿಂದೆ ಕೂತಳು. ಪರದೆ ಅಲುಗಿದರೆ ಸಾಕು, ಕೆಳಗೆ ಇನ್ನೂ ದೊಡ್ಡ ಗಲಾಟೆ.

ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಹಾಲು ಒಯ್ದಾಗ ಆಕೆ ಕಿಟಕಿಯ ಗಾಜು ಒರೆಸುತ್ತಿದ್ದಳು.

“ಇನ್ನಿಸ್, ಐಲ್ಸಾ ಬರ್ತಿದಾಳೆ ಕಣೋ. ಶನಿವಾರ.”

ಐಲ್ಸಾ ಮೊಮ್ಮಗಳು, ಆರು ವರ್ಷದವಳು. ಈ ಮನೆಗೆ ಕಾಲಿಟ್ಟವಳಲ್ಲ. ಲಿಫ್ಟ್ ಇಲ್ಲ, ಗೋಡೆಗೆ ತೇವ, ಓಣಿಯಲ್ಲಿ ಕುಡುಕರು ಎಂದು ಶೋನಾ ಕರೆತರುತ್ತಿರಲಿಲ್ಲ. ಮೊದಲೆಲ್ಲ ನೆಟ್ಟಾ ರೈಲು ಹತ್ತಿ ತಾನೇ ಹೋಗಿಬರುತ್ತಿದ್ದಳು. ಮೊಣಕಾಲು ಹೋದ ಮೇಲೆ ಅದೂ ನಿಂತು, ಮಗುವಿಗೆ ಅಜ್ಜಿಯ ಮುಖ ಮರೆತೇ ಹೋಗಿತ್ತು. ಫೋನಿನಲ್ಲಿ ಮಾತ್ರ ಅಜ್ಜಿ.

“ಈ ಸಲ ಸರಿಹೋದ್ರೆ ಪ್ರತಿ ಬೇಸಿಗೇಲೂ ಕರ್ಕೊಂಡು ಬರ್ತೀನಿ ಅಂದಿದಾಳೆ ಶೋನಾ. ಸರಿಹೋಗ್ದಿದ್ರೆ ಇಲ್ಲ. ಅವಳ ಬುದ್ಧಿ ನಂಗೆ ಗೊತ್ತು, ನನ್ನದೇ ಬುದ್ಧಿ ಅದು. ನೀನೊಂದು ಉಪಕಾರ ಮಾಡು ಮಗಾ. ಆ ಸ್ಟ್ರುವನ್‌ಗೆ ಹೇಳು, ಶನಿವಾರ ಒಂದು ದಿನ ಪೆಗ್ಗಿ ಬೇಡ. ಒಂದೇ ದಿನ ನನ್ನನ್ನ ಬದುಕೋಕೆ ಬಿಡಲಿ.”

ನಾನು ಹೇಳಿದೆ. ಸ್ಟ್ರುವನ್ ಎದೆ ಮುಟ್ಟಿಕೊಂಡ. “ಅಷ್ಟೂ ಮನುಷ್ಯತ್ವ ಇಲ್ವಾ ಮಾರಾಯ ನಂಗೆ? ಬಿಟ್ಟೆ ಅಂತ ಹೇಳು.”

ಶನಿವಾರ ಮಧ್ಯಾಹ್ನ ಮೇಲಿನಿಂದ ಒಣದ್ರಾಕ್ಷಿ, ದಾಲ್ಚಿನ್ನಿಯ ವಾಸನೆ ಮೆಟ್ಟಿಲಿಳಿದು ನನ್ನ ಕಸದ ಡಬ್ಬಿಗಳವರೆಗೂ ಬಂದಿತ್ತು. ಬಟ್ಟೆಯಲ್ಲಿ ಗಂಟು ಕಟ್ಟಿ ಬೇಯಿಸುವ ಸಿಹಿಕಡುಬು. ಹಿಂದಿನ ದಿನವೇ ಶುರುಮಾಡಿದ್ದಳು. ಗುಂಪು ಬಂತು. ನಾನು ನೆಗೆದೆ. ಕೆಂಪು ಕೋಟಿನ ಒಂದು ಪುಟ್ಟ ಹುಡುಗಿ ಬೆಚ್ಚಿ ತುಟಿ ಉಬ್ಬಿಸಿದಳು. ಮುಖವಾಡ ತೆಗೆದು ಮಿಠಾಯಿ ಕೊಟ್ಟೆ, ಸಮಾಧಾನವಾದಳು. ಅವಳ ತಾಯಿ ನನಗೆ, “ರೈಲು ಬೇಗ ಬಂತು. ಟೈಮ್ ಕಳೆಯೋಕೆ ಅಂತ ಇದಕ್ಕೆ ಬಂದ್ವಿ,” ಎಂದು ತಾನಾಗಿಯೇ ಹೇಳಿದಳು. ನನಗೆ ಅಲ್ಲೇ ಹೊಳೆಯಬೇಕಿತ್ತು. ಇತಿಹಾಸ ಓದಿದವನು, ಎಲ್ಲ ಮುಗಿದ ಮೇಲೆ ಹೊಳೆಯಿತು.

ನೆಲಮಾಳಿಗೆಯಲ್ಲಿ ಬೇರೆ ಕಂಪನಿಯವರು ಇನ್ನೂ ಇದ್ದರು. ಸ್ಟ್ರುವನ್ ಕೊಟ್ಟ ಮಾತಿನಂತೆ ಪ್ಲೇಗಿನ ಇಲಿಗಳ ಕಥೆ ಎಳೆದ. ಆದರೆ ಹಿಂದೊಮ್ಮೆ ಬಂದಿದ್ದ ಇಬ್ಬರು ಹುಡುಗರು ಬಿಡಲಿಲ್ಲ.

“ಇಲಿ ಬೇಡ! ಪೆಗ್ಗಿ ಎಲ್ಲಿ? ನಾವು ಬಂದಿದ್ದೇ ಪೆಗ್ಗಿಗೆ!”

ಸ್ಟ್ರುವನ್ ನನ್ನತ್ತ ನೋಡಿದ. ಭುಜ ಹಾರಿಸಿದ. ಕಥೆ ಹೇಳಿದ. ಎಂದಿಗಿಂತ ಚೆನ್ನಾಗಿಯೇ ಹೇಳಿದ. ಮಕ್ಕಳು ಒಟ್ಟಿಗೆ ಕೂಗಿದವು: “ಪೆಗ್ಗಿ, ಪೆಗ್ಗಿ, ಟೀ ಆಯ್ತಾ?”

ಮೂರನೇ ಮಹಡಿಯ ಕಿಟಕಿ ತೆರೆಯಿತು. ಬೆಳಗಿನಿಂದ ಓಣಿಯತ್ತಲೇ ಕಣ್ಣಿಟ್ಟಿದ್ದ ನೆಟ್ಟಾಗೆ ಕೂಗು ಕೇಳಿಸಲಿಲ್ಲವೋ, ಕೇಳಿದರೂ ಬೇಕಾಗಿರಲಿಲ್ಲವೋ. ಕಂಡದ್ದು ಮಗಳು, ಅವಳ ಪಕ್ಕದಲ್ಲಿ ಕೆಂಪು ಕೋಟು. ಅರ್ಧ ಮೈ ಹೊರಚಾಚಿ ಎರಡೂ ಕೈ ಬೀಸಿದಳು.

“ಐಲ್ಸಾ! ಐಲ್ಸಾ ಮರೀ! ಬಾ ಮೇಲೆ, ನಿಂಗೇ ಅಂತ ಕಡುಬು ಮಾಡಿದೀನಿ!”

ಕೆಂಪು ಕೋಟಿನ ಹುಡುಗಿ ತಲೆಯೆತ್ತಿದಳು. ಆಮೇಲೆ ಆ ಮಗುವಿನ ಗಂಟಲಿನಿಂದ ಹೊರಟದ್ದನ್ನು ಕಿರುಚಾಟ ಎನ್ನಲಾರೆ. ಕಾಲುಚೀಲ ಒದ್ದೆಯಾಯಿತು. ಉಳಿದ ತಂದೆತಾಯಂದಿರು ಚಪ್ಪಾಳೆ ತಟ್ಟಿದರು. “ಹೆಸರು ಹೇಗ್ರೀ ಗೊತ್ತಾಯ್ತು ಅವ್ರಿಗೆ? ಟಿಕೆಟಲ್ಲಿ ಇತ್ತಾ?” ಎಂದು ಒಬ್ಬಾತ ಬೆರಗಾಗಿ ಕೇಳುತ್ತಿದ್ದ.

ಅಷ್ಟು ಹೊತ್ತೂ ಫೋನಿನಲ್ಲಿ ಮುಳುಗಿದ್ದ ಶೋನಾ ಮೊದಲು ಬೆಪ್ಪಾದಳು, ಆಮೇಲೆ ನಕ್ಕಳು, ಆಮೇಲೆ ಸಿಟ್ಟಾದಳು. “ಅಯ್ಯೋ ಪೆದ್ದಿ, ಅದು ನಿನ್ನಜ್ಜಿ ಕಣೇ! ನನ್ನಮ್ಮ!” ಎಂದಷ್ಟೂ ಮಗು ಅವಳನ್ನೇ ಸಂಶಯದಿಂದ ನೋಡಿತು. ಬಾಗಿಲ ಕಂಬಿ ಹಿಡಿದು ಕೂತುಬಿಟ್ಟಿತು. “ಹತ್ತಿದ ಮಕ್ಕಳು ಇಳಿಯಲ್ಲ!”

“ಸರಿ, ವಾಪಸ್ ಹೋಗೋಣ,” ಎಂದಳು ಶೋನಾ. “ಈ ಓಣಿ ಸಹವಾಸವೇ ಬೇಡ ಅಂತ ಅವತ್ತಿಂದ ಬಡ್ಕೋತಿದೀನಿ.”

ಸ್ಟ್ರುವನ್‌ಗೂ ಪಾಪ ಅನ್ನಿಸಿರಬೇಕು. ಮಂಡಿಯೂರಿ ಮಗುವಿನ ಮುಂದೆ ಕೂತ. ಪಾಪ ಅನ್ನಿಸಿದಾಗಲೂ ಅವನಿಗೆ ಹೊಸೆಯುವುದೊಂದೇ ಗೊತ್ತು.

“ಪುಟ್ಟಿ, ಗೈಡ್‌ಗಳಿಗೆ ಮಾತ್ರ ಗೊತ್ತಿರೋ ಗುಟ್ಟು ಹೇಳ್ತೀನಿ. ದೆವ್ವದ ಮುಖ ನೋಡಿ ‘ನೀನು ಸತ್ತಿದೀಯಾ?’ ಅಂತ ಕೇಳ್ಬೇಕು. ‘ಹೌದು’ ಅಂತ ಒಪ್ಕೊಂಡ್ರೆ ಅದು ನಿಂಗೆ ಏನೂ ಮಾಡೋ ಹಾಗಿಲ್ಲ. ಒಪ್ಪಿಕೊಳ್ಳದ ದೆವ್ವ ಮಾತ್ರ ಕೆಟ್ಟದ್ದು.”

ಮಗು ಯೋಚಿಸಿತು. ಮಿಠಾಯಿ ಕೊಟ್ಟವನೆಂಬ ನಂಬಿಕೆಯಿಂದ ನನ್ನ ಕೈ ಹಿಡಿಯಿತು. ನಾವು ಹತ್ತಿದೆವು. ನೆಟ್ಟಾ ಬಾಗಿಲು ತೆರೆದು ನಿಂತಿದ್ದಳು. ನೀಲಿ ಉಡುಪು, ಕೂದಲಿಗೆ ಸುರುಳಿ, ತುಟಿಗೆ ಬಣ್ಣ.

“ನೀನು ಸತ್ತಿದೀಯಾ?” ಎಂದು ಐಲ್ಸಾ ಕೇಳಿತು.

“ಇಲ್ಲ ನನ್ ಚಿನ್ನ! ನಾನು ನಿಮ್ಮಜ್ಜಿ! ನೋಡು, ಕೈ ಮುಟ್ಟಿ ನೋಡು, ಬೆಚ್ಚಗಿದೆ.”

ಮಗು ಚೀರಿ ನನ್ನ ನಿಲುವಂಗಿಯೊಳಗೆ ನುಗ್ಗಿತು. ಕೆಳಗಿನ ತಿರುವಿನಿಂದ ಶೋನಾ, “ಸಾಕು, ಇಳಿ ಐಲ್ಸಾ,” ಎಂದಳು.

ನೆಟ್ಟಾ ನನ್ನತ್ತ ನೋಡಿದಳು. ಮೆಲ್ಲನೆ ವಿಷಯ ಹೇಳಿದೆ. ಆಕೆ ಕಸುಬು ಬಲ್ಲವಳು, ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಗೈಡ್ ಆಗಿದ್ದ ದಿನಗಳ ಆ ತಗ್ಗಿದ ದನಿಯಲ್ಲಿ ಹೇಳಿದಳು:

“ಇನ್ನೊಂದು ಸಲ ಕೇಳು ಮರಿ.”

“ಸತ್ತಿದೀಯಾ?”

“ಹೌದು. ಸತ್ತಿದೀನಿ.”

ಮಗು ನಿಟ್ಟುಸಿರು ಬಿಟ್ಟು, ಕೋಟು ಬಿಚ್ಚಿ ಆಕೆಯ ಕೈಗೆ ಕೊಟ್ಟು, ಒಳಗೆ ಹೋಗಿ ಕುರ್ಚಿ ಹತ್ತಿ ಕೂತಿತು.

ಆ ಮಧ್ಯಾಹ್ನ ಬಹಳ ಚೆನ್ನಾಗಿ ನಡೆಯಿತು ಎಂದೇ ಹೇಳಬೇಕು. ಶೋನಾ ನಕ್ಕೂ ನಕ್ಕೂ ಫೋಟೊ ತೆಗೆದಳು. ಐಲ್ಸಾ ಕಡುಬು ತಿನ್ನುತ್ತ ಪ್ರಶ್ನೆ ಕೇಳಿತು. ಸಾಯುವಾಗ ನೋವಾಯ್ತಾ? “ಸ್ವಲ್ಪ.” ನಿನ್ನ ನೋಡೋಕೆ ಯಾರೂ ಬರ್ತಿರ್ಲಿಲ್ವಾ? “ಇಲ್ಲ.” ಯಾಕೆ? ಶೋನಾ ಫೋನಿನಲ್ಲಿ ಏನನ್ನೋ ಹುಡುಕತೊಡಗಿದಳು. “ಮೆಟ್ಟಿಲು ಜಾಸ್ತಿ ಅಲ್ವಾ ಮರಿ,” ಎಂದಳು ನೆಟ್ಟಾ. ತಟ್ಟೆಯಲ್ಲಿ ತನಗೊಂದು ಹೋಳು ಹಾಕಿಕೊಂಡು ಚಮಚ ಎತ್ತಿದಳು.

“ಸತ್ತೋರು ತಿನ್ನಲ್ಲ!” ಮಗುವಿನ ಕಣ್ಣಿನಲ್ಲಿ ಹಳೆಯ ಸಂಶಯ ಮತ್ತೆ ಇಣುಕಿತು.

“ಅಯ್ಯೋ, ಮರೆತೇಬಿಟ್ಟೆ,” ಎಂದು ಆಕೆ ಚಮಚ ಕೆಳಗಿಟ್ಟಳು. ಆ ಹೋಳನ್ನು ನಾನು ತಿಂದೆ. ಚೆನ್ನಾಗಿತ್ತು.

ಹೊರಡುವಾಗ ಮುದ್ದು ಕೊಡು ಎಂದು ಶೋನಾ ಹೇಳಿದಳು. ದೆವ್ವಗಳನ್ನು ಮುಟ್ಟಬಾರದು ಎಂದು ಮಗು ಕೈ ಬೀಸಿತು. “ಮುಂದಿನ ವರ್ಷ ನನ್ನ ಫ್ರೆಂಡ್ಸ್‌ನೂ ಕರ್ಕೊಂಡು ಬರ್ತೀನಿ ಪೆಗ್ಗಿ! ಆಗ್ಲೂ ಸತ್ತೇ ಇರ್ತೀಯಾ?”

“ಇರ್ತೀನಿ ಮರಿ. ಎಲ್ಲಿಗೆ ಹೋಗ್ಲಿ?”

ಸೋಮವಾರ ನಾನು ಹಾಲು ಒಯ್ದಾಗ ಪರದೆ ಪೂರ್ತಿ ಸರಿದಿತ್ತು. ಆಕೆ ಅದೇ ನೀಲಿ ಉಡುಪಿನಲ್ಲಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಿದ್ದಳು. ಸ್ಟ್ರುವನ್‌ನನ್ನು ಬೈದು ಬಿಸಾಕುತ್ತಾಳೆ, ಪೆಗ್ಗಿಯನ್ನು ಇವತ್ತೇ ನಿಲ್ಲಿಸು ಎನ್ನುತ್ತಾಳೆ ಎಂದುಕೊಂಡಿದ್ದೆ.

“ಅವನು ಆ ಕಥೆ ಬಿಡದ ಹಾಗೆ ನೋಡ್ಕೊಳ್ಳೋ,” ಎಂದಳು. “ಮುಂದಿನ ವರ್ಷ ಮಗು ಬಂದಾಗ ಪೆಗ್ಗಿ ಇಲ್ಲ ಅಂದ್ರೆ ಏನು ಗತಿ? ಮತ್ತೆ, ಪೆಗ್ಗಿ ಸತ್ತು ಎಷ್ಟು ವರ್ಷ ಆಯ್ತು ಅಂತಾನೆ ಅವನು?”

“ಒಂದಿನ ನೂರೈವತ್ತು ಅಂತಾನೆ, ಒಂದಿನ ಮುನ್ನೂರು ಅಂತಾನೆ, ಮಿಸೆಸ್ ಪರ್ವ್ಸ್.”

“ಒಂದನ್ನ ಗಟ್ಟಿ ಮಾಡು ಅಂತ ಹೇಳು. ಮಗು ಕೇಳುತ್ತೆ. ನಾನೂ ಅದನ್ನೇ ಹೇಳ್ಬೇಕಲ್ಲ.”