ರಾಕೆಟ್ಟು, ಮಿಸೈಲು ಮತ್ತು ಅಪ್ಪನ ಫೋನು

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ತಪ್ಪು ಉತ್ತರ ಕಂಡರೆ ಮೈಯೆಲ್ಲ ಉರಿಯುತ್ತದೆ; ಕೆಂಪು ಶಾಯಿ ಸುರಿಯುವುದರಲ್ಲಿ ನನ್ನಷ್ಟು ಉದಾರಿ ಇನ್ನೊಬ್ಬಳಿಲ್ಲ. ಅಂಥ ನಾನೇ ನಮ್ಮಪ್ಪನಿಗೆ ಒಂದು ತಪ್ಪು ಉತ್ತರ ಹೇಳಿ, ಮೂರು ವರ್ಷ ತಿದ್ದದೆ ಬಿಟ್ಟಿದ್ದೆ.

ಅಪ್ಪ ದೇವದುರ್ಗದ ಕಡೆಯ ಕುರಿಗಾರ. ತಂಗಿ ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ಅವಳಿಗೆ ಹೈದರಾಬಾದಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮಿಸೈಲಿನ ಬಿಡಿಭಾಗಗಳನ್ನು ಮಾಡುತ್ತಾರೆ. ಹಾಗಂತ ಹೇಳಿದರೆ ಅಪ್ಪ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು.

‘ರಾಕೆಟ್ ಮಾಡ್ತಾಳ ಯಪ್ಪಾ,’ ಅಂದೆ.

‘ರಾಕೆಟ್ ಅಂದ್ರ?’

‘ಎಲ್ಲಿ ಮೋಡ ಅದ, ಎಲ್ಲಿ ಮಳಿ ಅದ ಅಂತ ನೋಡೋ ಯಂತ್ರನ ಮ್ಯಾಲ ಒಯ್ದು ಬಿಡ್ತದಲ್ಲ, ಅದು.’

ಕುರಿಗಾರನಿಗೆ ಮಳೆಗಿಂತ ದೊಡ್ಡ ಸುದ್ದಿ ಯಾವುದಿದೆ? ಅಪ್ಪ ಅವತ್ತೇ ಒಪ್ಪಿಕೊಂಡ.

ಅಂದಿನಿಂದ ವಾರಕ್ಕೆರಡು ಸಲ ಅವನೇ ತಂಗಿಗೆ ಫೋನ್ ಮಾಡತೊಡಗಿದ. ಪ್ರಶ್ನೆ ಒಂದೇ: ‘ಯವ್ವಾ, ಮಳಿ ಯಾವಾಗ?’ ಪಾಪ, ಅವಳು ಮೊಬೈಲಿನಲ್ಲಿ ಹವಾಮಾನ ನೋಡಿ ಹೇಳುವಳು. ನಮ್ಮ ಕಡೆಯ ಕಪ್ಪು ಎರೆಭೂಮಿ ನೆನೆದರೆ ಕುರಿಗಳ ಕಾಲು ಕೆಸರಲ್ಲಿ ಹೂತು ಗೊರಸು ಕೊಳೆಯುತ್ತದೆ. ಮಳೆಗೆ ಮುಂಚೆಯೇ ಮಂದೆಯನ್ನು ಕಲ್ಲುನೆಲದ ಕಡೆ ಹೊಡೆಯಬೇಕು. ಯಾವತ್ತು ಹೊರಡುವುದೆಂದು ಉಳಿದ ಕುರಿಗಾರರೂ ದೇವದುರ್ಗದ ಸಂತೆಯಲ್ಲಿ ಅಪ್ಪನನ್ನು ಸುತ್ತುಗಟ್ಟಿ, ‘ನಿನ್ನ ಮಗಳ ರಾಕೆಟ್ ಏನಂತದ?’ ಎಂದು ಕೇಳುವಷ್ಟಾಯಿತು. ಇದನ್ನು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆಮೇಲೆ ನಾಚಿಕೆಯೂ ಆಗಿದೆ.

ಗಡಿಯಲ್ಲಿ ಕಾದಾಟ ನಡೆದ ದಿನಗಳಲ್ಲಿ ಅಪ್ಪ ಕಣ್ಣು ತೋರಿಸಲು ಮಾನ್ವಿಗೆ ಬಂದು ನನ್ನ ಮನೆಯಲ್ಲಿದ್ದ. ಟಿವಿಯಲ್ಲಿ ಏನೋ ಬೆಂಕಿ ಉಗುಳುತ್ತಾ ಮೇಲೇರುವುದನ್ನು ಕಂಡು ಅವನ ಮುಖ ಅರಳಿತು. ‘ನೋಡಬೇ, ನಮ್ಮ ಸಣ್ಣಾಕಿ ರಾಕೆಟ್.’ ಮರುಕ್ಷಣ ಟಿವಿಯಲ್ಲೇ ಒಂದು ಕಟ್ಟಡ ಕುಸಿದು ಬಿತ್ತು. ಅಪ್ಪ ನನ್ನ ಕಡೆ ತಿರುಗಿದ.

ಮತ್ತೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ‘ಹಿಂದಕ್ಕ ಬೆಂಕಿ ಉಗುಳಿ ಮುಂದಕ್ಕ ಹೋಗೋದಕ್ಕ ರಾಕೆಟ್ ಅಂತಾರ ಯಪ್ಪಾ. ಅದರ ತಲಿಮ್ಯಾಲ ಮಳಿ ನೋಡೋ ಯಂತ್ರ ಇಟ್ರ ಅದನ್ನ ಒಯ್ದು ಬಿಡ್ತದ. ಮದ್ದು ಇಟ್ರ ಬಿಟ್ಟ ಕಡಿ ಹೋಗಿ ಬಿದ್ದು ಸಿಡೀತದ. ಮದ್ದಿನ ಜೋಡಿ, ಹೋಗಾಕತ್ತಾಗ ತನ್ನ ದಾರಿ ತಾನ ತಿದ್ದಿಕೊಳ್ಳೋ ಯಂತ್ರನೂ ಇಟ್ರ ಅದು ಮಿಸೈಲ್.’

‘ಒಂದು ಕವಣಿ ಕಲ್ಲಿದ್ದಂಗ, ಇನ್ನೊಂದು ನಾಯಿ ಇದ್ದಂಗ,’ ಅಂದ ಅಪ್ಪ. ಕವಣೆಯಿಂದ ಹೊರಟ ಕಲ್ಲು ಆಮೇಲೆ ಯಾರ ಮಾತನ್ನೂ ಕೇಳುವುದಿಲ್ಲ. ಮಂದೆಯ ನಾಯಿಯಾದರೆ ತೋಳ ಹೊರಳಿದ ಕಡೆ ತಾನೂ ಹೊರಳುತ್ತದೆ. ನನ್ನ ಹತ್ತನೇ ತರಗತಿಯವರಿಗೆ ಒಂದು ಪೀರಿಯಡ್ ಹಿಡಿಯುವ ಪಾಠ ಅದು.

‘ನಾಯಿ ಕರದ್ರ ತಿರುಗಿ ಬರ್ತದ. ಇದು ಬರ್ತದೇನು?’

‘ಇಲ್ಲ ಯಪ್ಪಾ.’

‘ಸಣ್ಣಾಕಿ ಮಾಡೋದು ಯಾವುದು?’

‘ಮಿಸೈಲ್.’

ಅಪ್ಪ ಎದ್ದು ಟಿವಿ ಆರಿಸಿದ. ಮರುದಿನ ಬೆಳಿಗ್ಗೆ ರೊಟ್ಟಿ ಮುಟ್ಟದೆ ದೇವದುರ್ಗದ ಬಸ್ಸು ಹತ್ತಿದ.

ಆಮೇಲೆ ತಂಗಿಗೆ ಅಪ್ಪನ ಫೋನು ನಿಂತುಹೋಯಿತು. ವಾರವಾಯಿತು, ತಿಂಗಳಾಯಿತು. ಅವಳೇ ಮಾಡಿದರೆ ಅವ್ವನ ಕೈಗೆ ಕೊಟ್ಟು ಕುರಿಗಳ ಕಡೆ ಎದ್ದು ಹೋಗುತ್ತಿದ್ದ. ಸಂತೆಯಲ್ಲಿ ಒಬ್ಬೊಬ್ಬರನ್ನೂ ಕರೆದು, ‘ನನ್ನ ಮಗಳು ಮಾಡೋದು ಮಳಿ ರಾಕೆಟ್ ಅಲ್ಲ, ಅಕಿ ಮಾತಿನ ಮ್ಯಾಲ ಕುರಿ ಹೊಡಿಬ್ಯಾಡ್ರಿ,’ ಎಂದು ಹೇಳಿ ಬಂದನಂತೆ. ಅದು ಗೊತ್ತಾದ ದಿನ ತಂಗಿ ನನ್ನ ಹತ್ತಿರ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

‘ಅಪ್ಪಗ ನನ್ನ ಕೆಲಸ ಕಂಡ್ರ ಹೇಸಿಗಿ ಆಗೇದ ಅಕ್ಕಾ. ನಾ ಬಿಟ್ಟು ಬಂದುಬಿಡ್ತೀನಿ.’

ನನಗೆ ಸಿಟ್ಟು ನೆತ್ತಿಗೇರಿತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ನೇರ ಊರಿಗೆ ಹೋದೆ. ಅಪ್ಪ ಕುರಿದೊಡ್ಡಿಯ ಮುಂದೆ ಕೂತು ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಒಂದೇ ಉಸಿರಿಗೆ ಸುರಿದೆ.

‘ಸುಳ್ಳು ಹೇಳಿದಾಕಿ ನಾನು. ಬೈಯೋದಿದ್ರ ನನಗ ಬೈ. ಅಕಿ ಕೂಡ ಯಾಕ ಮಾತು ಬಿಟ್ಟಿ?’

ಅಪ್ಪ ತಲೆ ಎತ್ತಲಿಲ್ಲ. ಮುಳ್ಳು ಬಂದಿತ್ತು, ಆದರೂ ಮರಿಯ ಕಾಲು ಬಿಡಲಿಲ್ಲ.

‘ಆ ಮನಿ ಬಿದ್ದದ್ದು ನೋಡಿ ಎದಿ ಝಲ್ ಅಂತು, ಖರೆ,’ ಅಂದ. ‘ಆದ್ರ ಅಕಿ ಮ್ಯಾಲ ನನಗ್ಯಾತರ ಸಿಟ್ಟು? ಮಳಿ ಯಾವಾಗ ಬರ್ತದ ಅಂತ ನನಗ ಗಾಳಿ ಹೇಳ್ತದ. ಅಕಿ ಹೇಳಿದ್ದು ತಪ್ಪಿದ್ರ, ನಾನ ತಿದ್ದಿ ಅಕಿ ಹೆಸರಲೇ ಮಂದಿಗೆ ಹೇಳ್ತಿದ್ದೆ. ಅಕಿ ಜೋಡಿ ಮಾತಾಡಾಕ ಅದೊಂದು ನೆವ ಇತ್ತು. ಈಗ ಹೋತು. ಮಿಸೈಲ್ ಮಾಡಾಕಿಗೆ, ಕುರಿ ಕಾಯೋ ನಾ ಏನಂತ ಕೇಳಲಿ?’

ನನ್ನ ಸಿಟ್ಟೆಲ್ಲ ಇಳಿಯಿತು. ‘ಉಂಡೀ ಅಂತ ಕೇಳು ಯಪ್ಪಾ, ಸಾಕು,’ ಅಂದೆ.

ಅವನು ಧೋತರಕ್ಕೆ ಕೈ ಒರೆಸಿಕೊಂಡ. ನಾನೇ ನಂಬರು ಒತ್ತಿ ಕೊಟ್ಟೆ. ಆ ಕಡೆಯಿಂದ ‘ಯಪ್ಪಾ’ ಎಂದು ತಂಗಿಯ ದನಿ ಕೇಳಿತು. ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡು, ‘ಯವ್ವಾ, ಉಂಡೀ ಏನು?’ ಅಂದ.

‘ಇಲ್ಲ ಯಪ್ಪಾ,’ ಅಂದಳು ತಂಗಿ. ‘ನಿನ್ನ ಫೋನ್ ನಿಂತಾಗಿಂದ ನೆಟ್ಟಗ ಉಂಡೇ ಇಲ್ಲ.’