ಬಚ್ಚಲು ನೋಡದೆ ಬಂದವರು

ಮನೆ ನೋಡಲು ಹೋದವರು ಮನೆ ನೋಡಬೇಕು. ಇದು ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ನನ್ನ ಗಂಡನ ಜೊತೆ ಹೊರಟರೆ ಗೋಡೆ, ನಲ್ಲಿ, ಬಚ್ಚಲು ಒಂದನ್ನೂ ನೋಡದೆ ಹೊಟ್ಟೆ ಮಾತ್ರ ತುಂಬಿಸಿಕೊಂಡು ಬರಬಹುದು.

ನಾವಾಗ ಭದ್ರಾವತಿಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆ ಜಾರಿ ಬಿದ್ದು, ಸೊಂಟದ ಆಪರೇಷನ್ ಆದಮೇಲೆ ಅವರ ಓಡಾಟವೆಲ್ಲ ವಾಕರ್ ಹಿಡಿದೇ. ಮೆಟ್ಟಿಲಿಳಿದು ಬೀದಿಗೆ ಹೋಗುವುದು ನಿಂತಿದ್ದಕ್ಕೆ ಅವರು ಅಷ್ಟೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಅವರನ್ನು ಕೊರೆಯುತ್ತಿದ್ದದ್ದು ಬಚ್ಚಲು. ಆ ಮನೆಯ ಬಚ್ಚಲ ಬಾಗಿಲು ಕಿರಿದು, ಅದಕ್ಕೊಂದು ಎತ್ತರದ ಹೊಸ್ತಿಲು ಬೇರೆ. ವಾಕರನ್ನು ಹೊರಗೇ ಬಿಟ್ಟು, ನನ್ನ ಹೆಗಲು ಹಿಡಿದು ಒಳಗೆ ಬರಬೇಕು. ಮುಗಿಯುವವರೆಗೆ ನಾನು ಅಲ್ಲೇ ನಿಂತಿರಬೇಕು. ಬೀದಿಗೆಲ್ಲ ಜೋರು ಮಾಡಿಕೊಂಡು ಬದುಕಿದ ಹೆಂಗಸು, ಅಷ್ಟು ಹೊತ್ತೂ ಗೋಡೆಯನ್ನೇ ನೋಡುತ್ತಿದ್ದರು. "ನನಗೇನು ಅರಮನೆ ಬೇಡ ಮಾರಾಯ್ತಿ. ನನ್ನಷ್ಟಕ್ಕೆ ನಾನು ಬಚ್ಚಲಿಗೆ ಹೋಗಿ ಬರೋ ಹಾಗಿದ್ರೆ ಸಾಕು," ಎಂದು ಒಂದು ದಿನ ಬಾಯಿ ಬಿಟ್ಟು ಹೇಳಿದರು.

ಶಿವಮೊಗ್ಗದ ಗೋಪಾಳದಲ್ಲಿ ಮೆಟ್ಟಿಲ ಕಾಟವಿಲ್ಲದ ಮನೆಯೊಂದು ಬಾಡಿಗೆಗಿದೆ ಎಂದು ಗೊತ್ತಾದಾಗ ನಾವಿಬ್ಬರೂ ಓಡಿದ್ದು ಇದೇ ಕಾರಣಕ್ಕೆ. ಮಾಲೀಕರು, ಅಡಿಕೆ ವ್ಯಾಪಾರದವರು, ಇನ್ನೂ ಅಲ್ಲೇ ವಾಸವಾಗಿದ್ದರು. ಸೋಗಾನೆಯ ಕಡೆ ಹೊಸ ಮನೆ ಕಟ್ಟಿಸುತ್ತಿದ್ದರು. ತೊಂದರೆ ಶುರುವಾಗಿದ್ದೇ ಅಲ್ಲಿ. ಖಾಲಿ ಮನೆಯಾಗಿದ್ದರೆ ನಾನು ಮೂಲೆ ಮೂಲೆ ಜಾಲಾಡಿಬಿಡುತ್ತಿದ್ದೆ. ಇದು ಒಲೆ ಉರಿಯುತ್ತಿದ್ದ, ಮಂಚದ ಮೇಲೆ ಮಡಿಸದ ಹೊದಿಕೆ ಬಿದ್ದಿದ್ದ ಮನೆ. ಬಚ್ಚಲಿಗೆ ಹೋಗಬೇಕಾದರೆ ಅವರು ಮಲಗುವ ಕೋಣೆಯನ್ನೇ ದಾಟಬೇಕು.

"ಮನೆ ನೋಡ್ಕೊಳ್ಳಿ ಸಾರ್," ಎಂದರು ಮಾಲೀಕರು.

"ಏ, ಒಳಗೆಲ್ಲ ಹೋಗಿ ನೋಡೋದೇನ್ ಬಂತು ಸಾರ್, ಇಲ್ಲಿ ಕೂತ್ರೇ ಗೊತ್ತಾಗುತ್ತೆ," ಎಂದರು ನನ್ನ ಗಂಡ, ಸೋಫಾದಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು.

ಅಷ್ಟರಲ್ಲಿ ಮಾಲೀಕರ ಹೆಂಡತಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಂದಿಟ್ಟರು. ಕೈಗೆ ತಟ್ಟೆ ಬಂದಮೇಲೆ ನಮ್ಮ ಕಡೆಯವರ ಕಥೆ ಮುಗಿಯಿತು. ತಿಂದವರ ಮನೆಯ ನಲ್ಲಿ ತಿರುಗಿಸಿ ನೋಡುವುದುಂಟೆ? ಗೋಡೆಯ ತೇವ ಮುಟ್ಟುವುದುಂಟೆ? ನನ್ನ ಬ್ಯಾಗಿನಲ್ಲಿ ಅಳತೆ ಟೇಪು ಇತ್ತು. ಅದನ್ನು ತೆಗೆಯೋಣವೆಂದರೆ ಒಂದು ಕೈಯಲ್ಲಿ ಬೋಂಡ, ಇನ್ನೊಂದರಲ್ಲಿ ಕಾಫಿ ಲೋಟ. ಟೀಪಾಯಿಯ ಕೆಳಗೆ ಗಂಡನ ಕಾಲನ್ನು ತುಳಿದೆ. ಅವರು ಕಾಲು ಎಳೆದುಕೊಂಡು ಅಡಿಕೆ ರೇಟಿನ ಮಾತಿಗಿಳಿದರು. ನಮಗೆ ಒಂದು ಅಡಿಕೆ ಮರವೂ ಇಲ್ಲ ಸ್ವಾಮಿ! ಆದರೂ ನನ್ನ ಗಂಡನಿಗೆ ರೇಟು ಇಳಿದದ್ದಕ್ಕೆ ಎಂಥಾ ಸಂಕಟ!

ವಾಪಸು ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ.

"ಬಚ್ಚಲು ನೋಡಿದ್ರಾ?"

"ಅಷ್ಟು ಪ್ರೀತಿಯಿಂದ ತಿಂಡಿ ಕೊಟ್ಟವರನ್ನ ಬಚ್ಚಲು ಎಲ್ಲಿ ಅಂತ ಕೇಳಕ್ಕಾಗುತ್ತಾ?"

"ನಿಮ್ಮ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಹಾಕ! ನಾವು ಹೋಗಿದ್ದು ಏನಕ್ಕೆ, ಬೋಂಡ ತಿನ್ನಕ್ಕಾ?"

"ನೀನೇ ಕೇಳಬಹುದಿತ್ತಲ್ಲ," ಎಂದರು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಮುಸಿಮುಸಿ ನಕ್ಕಳು. ನನಗೆ ಮೈಯೆಲ್ಲ ಉರಿಯಿತು, ಯಾಕೆಂದರೆ ಬೋಂಡ ನಾನೂ ತಿಂದಿದ್ದೆ.

ಅತ್ತೆ ಬಾಗಿಲ ಬಳಿಯೇ ಕಾಯುತ್ತಿದ್ದರು. "ಹೇಗಿದೆಯೋ ಮನೆ?"

"ತುಂಬಾ ಒಳ್ಳೆ ಜನ ಅಮ್ಮ," ಎಂದರು ಮಗರಾಯರು.

"ಜನ ಖಾಲಿ ಮಾಡ್ಕೊಂಡು ಹೋಗ್ತಾರಲ್ಲೋ! ಬಚ್ಚಲು ಹೇಗಿದೆ?"

ಗಂಡ ನನ್ನ ಮುಖ ನೋಡಿದರು, ನಾನು ಫ್ಯಾನು ನೋಡಿದೆ. ಅತ್ತೆಗೆ ಅರ್ಥವಾಯಿತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ನಾನೇ ಬರ್ತೀನಿ ನಡೀರಿ," ಎಂದರು.

ಆ ಭಾನುವಾರ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೆಳಮನೆಯವರ ಸಹಾಯದಿಂದ ಮೆಟ್ಟಿಲಿಳಿಸಿ, ಕಾರಿನಲ್ಲಿ ಗೋಪಾಳಕ್ಕೆ ಕರೆದೊಯ್ದೆವು. ನಾವು ಹೋಗಿ ಕೂರುವಷ್ಟರಲ್ಲಿ ಅಡುಗೆಮನೆಯಿಂದ ಒಗ್ಗರಣೆಯ ಘಮ ಬಂತು. ಮಾಲೀಕರ ಹೆಂಡತಿ ಅವಲಕ್ಕಿಯ ತಟ್ಟೆ ಹಿಡಿದು ಬಂದರು. ಮುಗಿಯಿತು ಕಥೆ ಅಂದುಕೊಂಡೆ. ಅತ್ತೆ ತಟ್ಟೆಗೆ ಕೈ ಚಾಚಲೇ ಇಲ್ಲ.

"ತಿಂಡಿ ಆಮೇಲೆ ತಾಯಿ. ಮೊದ್ಲು ನಿಮ್ಮ ಬಚ್ಚಲು ತೋರ್ಸಿ. ನಾನು ಬಂದಿರೋದೇ ಅದಕ್ಕೆ."

ನನ್ನ ಗಂಡ ಕಣ್ಣು ಮುಚ್ಚಿಕೊಂಡರು.

"ಅಯ್ಯೋ, ಬಟ್ಟೆ ನೆನೆ ಹಾಕಿದೀನಲ್ಲಾ ಅಮ್ಮ!" ಎನ್ನುತ್ತಾ ಆ ತಾಯಿ ತಟ್ಟೆಯನ್ನು ತಮ್ಮ ಗಂಡನ ಕೈಗೆ ತುರುಕಿ ಒಳಗೋಡಿದರು. ಬಕೆಟ್ಟುಗಳು ದಡಬಡ ಹೊರಬಂದವು. ಅತ್ತೆ ಆ ಕೋಣೆಯನ್ನು, ಆ ಮಂಚವನ್ನು ಯಾವ ಮುಲಾಜೂ ಇಲ್ಲದೆ ದಾಟಿದರು. ಬಚ್ಚಲ ಬಾಗಿಲಿಗೆ ಹೊಸ್ತಿಲಿರಲಿಲ್ಲ. ವಾಕರ್ ಒಂದು ಕಡೆ ಚೌಕಟ್ಟಿಗೆ ತಾಗಿತು. ನಾನು ಕೈ ಚಾಚಿದೆ. "ಬಿಡು ನೀನು," ಎಂದು ಗದರಿದರು. ಸ್ವಲ್ಪ ಹಿಂದೆ ಸರಿದು, ನೇರ ಮಾಡಿಕೊಂಡು, ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಕೇಳಿತು.

ನಾವು ನಾಲ್ವರೂ ಆಪರೇಷನ್ ಥಿಯೇಟರ್ ಮುಂದೆ ನಿಂತವರ ಹಾಗೆ ನಿಂತೆವು. ಮಾಲೀಕರ ಕೈಯಲ್ಲಿ ಇನ್ನೂ ಅವಲಕ್ಕಿ. ಒಳಗೆ ನೀರಿನ ಸದ್ದಿಲ್ಲ, ವಾಕರಿನ ಸದ್ದೂ ಇಲ್ಲ. ಹೊತ್ತು ಸರಿಯಿತು. ಮತ್ತೆ ಬಿದ್ದರೋ ಏನೋ, ಚಿಲಕ ಹಾಕಿಕೊಳ್ಳಲು ಯಾಕೆ ಬಿಟ್ಟೆನೋ ಎಂದು ನನ್ನನ್ನೇ ಬೈದುಕೊಂಡೆ.

"ಅಮ್ಮಾ?" ಎಂದು ಗಂಡ ಬಾಗಿಲು ತಟ್ಟಿದರು.

"ಅತ್ತೆ! ಏನಾಯ್ತು? ಅತ್ತೆ!" ನಾನೂ ಬಾಗಿಲು ಬಡಿದೆ.

"ಏನೂ ಆಗಿಲ್ಲ ಮಾರಾಯ್ತಿ," ಎಂದಿತು ಒಳಗಿನ ದನಿ, ನಿಧಾನವಾಗಿ. "ಸುಮ್ನೆ ನಿಂತಿದೀನಿ. ಯಾರೂ ಇಲ್ಲ ಇಲ್ಲಿ, ನಾನೊಬ್ಳೇ. ನೀವು ಹೋಗಿ, ಕಾಫಿ ಕುಡೀರಿ."